ಓಡಾಡದ ಕರಡುಗಳು

ಒಂದೇ ಪೀಠದಲ್ಲಿ ಮಗ್ಗಲಿಗೆ ಮಗ್ಗಲು ಕೂಡುವ ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ಬರೆದು ಕಳಿಸುವುದು ಯಾಕಜ್ಜ, ಮಾತಾಡಿದರೆ ಸಾಲದೇ? ಏಳನೇ ಇಯತ್ತೆ ಓದುವ ಮೊಮ್ಮಗಳ ಪ್ರಶ್ನೆ.

ಗದಗ, ಶಿರಹಟ್ಟಿ, ಮುಂಡರಗಿ ಶಾಖೆಗಳಲ್ಲಿ ಬ್ಯಾಂಕ್ ಗುಮಾಸ್ತನಾಗಿ ದುಡಿದವನು ನಾನು. ಸಾಲದ ಟಿಪ್ಪಣಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಾಗ ಅಂಚಿನಲ್ಲಿ ಬೀಳುವ ಪ್ರಶ್ನೆಗಳ ಬೆಲೆ ಬಲ್ಲೆ. ಬಾಯಲ್ಲಿ ‘ಹೂಂ’ ಅಂದವರೂ ಸಹಿ ಹಾಕುವಾಗ ಪೆನ್ನು ತಡೆಯುತ್ತಾರೆ.

ಸುಪ್ರೀಂ ಕೋರ್ಟಿನಲ್ಲೂ ಹಾಗೆಯೇ. ವಾದ ಮುಗಿದ ಮೇಲೆ ಒಬ್ಬರು ಕರಡು ತೀರ್ಪು ಬರೆದು ಜೊತೆಗಾರರಿಗೆ ಕಳಿಸುತ್ತಾರೆ. ಒಪ್ಪಿದವರು ಸಹಿ ಮಾಡುತ್ತಾರೆ. ಒಪ್ಪದವರು ತಕರಾರು ತಿಳಿಸುತ್ತಾರೆ, ಇಲ್ಲವೇ ತಮ್ಮದೇ ತೀರ್ಪು ಬರೆಯುತ್ತಾರೆ. ಅಮೆರಿಕದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಅವರ ಇಂಥ ಕಾಗದಪತ್ರಗಳು, ಅವರು ತೀರಿಕೊಂಡು ಐದು ವರ್ಷವಾದ ಮೇಲೆ, 2004ರಲ್ಲಿ ಓದುಗರಿಗೆ ತೆರೆದವು.

ನಮ್ಮಲ್ಲಿ ಇವುಗಳ ಬೆಲೆ ಗೊತ್ತಾದದ್ದು ಇವು ಓಡಾಡದಿದ್ದಾಗ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಜಮೀನಿಗಾಗಿ 1970ರಲ್ಲಿ ಹೂಡಿದ ದಾವೆ ಹಿರಿಯರಿಗೆ ನೆನಪಿರಬೇಕು. ಅದು ಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಯಾಯಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರೂ ಅವರಲ್ಲೊಬ್ಬರು. ವಾದ ಮುಗಿದದ್ದು 1973ರ ಮಾರ್ಚ್ 23ಕ್ಕೆ. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಿವೃತ್ತಿ ಏಪ್ರಿಲ್ ಕೊನೆಯ ವಾರದಲ್ಲಿ. ಕೈಯಲ್ಲಿದ್ದದ್ದು ಒಂದೇ ತಿಂಗಳು!

ಏಪ್ರಿಲ್ 24ರಂದು ಹೊರಬಿದ್ದದ್ದು ಒಂದಲ್ಲ, 11 ತೀರ್ಪು. ಮಕ್ಕಳೇ, ಮನೆಯ ಕಿಟಕಿ ಬಾಗಿಲು ಬದಲಿಸಬಹುದು, ತೊಲೆ ಕಂಬ ಕೀಳುವಂತಿಲ್ಲ ಎಂದ ಹಾಗೆ, ಸಂವಿಧಾನದ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂದು 7 ಜನ ಹೇಳಿದರು, 6 ಜನ ಒಪ್ಪಲಿಲ್ಲ. ಸಾರಾಂಶದ ಹಾಳೆಗೆ ಒಂಬತ್ತು ಸಹಿ ಬಿದ್ದವು, ನಾಲ್ವರು ಹಾಕಲಿಲ್ಲ. ಮನಬಿಚ್ಚಿ ವಿಚಾರ ಹಂಚಿಕೊಂಡು ಯಾರಾದರೊಬ್ಬರ ತೀರ್ಪಿಗೆ ಸೇರಿಕೊಳ್ಳಬೇಕೆಂದಿದ್ದೆ, ಅದು ಕೂಡಿಬರಲಿಲ್ಲ ಎಂಬ ಕೊರಗನ್ನು ವೈ.ವಿ. ಚಂದ್ರಚೂಡರು ತಮ್ಮ ತೀರ್ಪಿನಲ್ಲೇ ತೋಡಿಕೊಂಡರು. ಒಂದೇ ಒಂದು ಮತದ ಮೇಲೆ ಇಡೀ ದೇಶದ ಪ್ರಶ್ನೆ ನಿಂತಾಗ ಇನ್ನೊಂದು ತಿಂಗಳು ಸಿಗಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಏಳು ವರ್ಷದ ಮೇಲೆ ಬೆಂಗಳೂರಿನ ಮಿನರ್ವ ಮಿಲ್ಲಿನ ದಾವೆ ಬಂತು. ಮತ್ತೆ ತಿದ್ದುಪಡಿಯದೇ ಪ್ರಶ್ನೆ. ಐವರ ಪೀಠ, ಈಗ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೇ. 1980ರ ಮೇ 9ಕ್ಕೆ ಫಲಿತಾಂಶವನ್ನಷ್ಟೇ ಹೇಳಿದರು, ಕಾರಣಗಳು ಬಂದದ್ದು ಜುಲೈ 31ಕ್ಕೆ. ಕೂಡಿ ಕುಳಿತು ಚರ್ಚಿಸಲಿಲ್ಲ, ಕರಡು ತೀರ್ಪೂ ತಮ್ಮ ನಡುವೆ ಓಡಾಡಲಿಲ್ಲ ಎಂದು ಅದೇ ಪೀಠದ ಪಿ.ಎನ್. ಭಗವತಿಯವರು ತಮ್ಮ ತೀರ್ಪಿನಲ್ಲಿ ಬರೆದಿಟ್ಟರು.