ಕುದ್ರುಗಳ ಸುತ್ತಿನ ಜ್ಯಾಮಿತಿ

ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ಸೌಪರ್ಣಿಕಾ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66 ಮತ್ತು ಒಂದಿಷ್ಟು ಮರಳದಂಡೆ ಮಾತ್ರ. ಆದರೂ ನದಿಯಲ್ಲಿರುವ ದೋಣಿ ಕಡಲು ಸೇರಬೇಕಾದರೆ ದಕ್ಷಿಣಕ್ಕೆ ಸಾಗಿ ಗಂಗೊಳ್ಳಿಯ ಅಳಿವೆಯನ್ನು ಮುಟ್ಟಲೇಬೇಕು. ಹೀಗೆ ದೂರವನ್ನು ಭೂಪಟದ ಮೇಲೆ ಗೀಟೆಳೆದು ಅಳೆಯದೆ, ಆ ಜಾಗದೊಳಗೇ ಸಾಗುವ ಅತಿ ಗಿಡ್ಡ ದಾರಿಯಿಂದ ಅಳೆದರೆ ಅದು ಆಂತರಿಕ ದೂರ.

ಈ ದೂರವೊಂದರಿಂದಲೇ ವಕ್ರತೆಯನ್ನೂ ತಿಳಿಯಬಹುದೆಂದು 20ನೆಯ ಶತಮಾನದ ಮಧ್ಯಭಾಗದಲ್ಲಿ ತೋರಿಸಿದವರು ರಷ್ಯಾದ ಗಣಿತಜ್ಞ ಎ. ಡಿ. ಅಲೆಕ್ಸಾಂದ್ರೊವ್. ಅವರಿಗೆ ನುಣುಪಾದ ಮೇಲ್ಮೈ ಬೇಕಿರಲಿಲ್ಲ, ತ್ರಿಭುಜ ಸಾಕಾಗಿತ್ತು. ಗೋಳದ ಧ್ರುವದಿಂದ ಸಮಭಾಜಕಕ್ಕೆ ಇಳಿಯುವ, ಪರಸ್ಪರ 90 ಡಿಗ್ರಿ ಅಂತರದ ಎರಡು ರೇಖಾಂಶಗಳಿಂದ ಮೂರೂ ಕೋನಗಳು 90 ಡಿಗ್ರಿಯಾಗಿರುವ ತ್ರಿಭುಜ ಸಿಗುತ್ತದೆ; ಅಷ್ಟೇ ಉದ್ದದ ಬಾಹುಗಳಿಂದ ಕಾಗದದ ಮೇಲೆ ಬರೆದ ತ್ರಿಭುಜಕ್ಕಿಂತ ಅದು ಉಬ್ಬಿರುತ್ತದೆ, ಕುದುರೆಯ ಜೀನಿನಂಥ ಮೇಲ್ಮೈಯಲ್ಲಾದರೋ ಸೊರಗಿರುತ್ತದೆ. ಒಂದು ಜಾಗದ ಪುಟ್ಟ ತ್ರಿಭುಜಗಳಲ್ಲಿ ಯಾವುದೂ ಕಾಗದದ ತ್ರಿಭುಜಕ್ಕಿಂತ ಉಬ್ಬದಿದ್ದರೆ, ಅದರ ವಕ್ರತೆಗೆ ಸೊನ್ನೆಯೇ ಮೇಲ್ಮಿತಿ ಎನ್ನುತ್ತಾರೆ.

ಕುಂದಾಪುರದ ಪಂಚಗಂಗಾವಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡುತ್ತವೆ. ಅಗಲವನ್ನು ಬದಿಗಿಟ್ಟು ಹೊಳೆಗಳನ್ನು ಬರಿಯ ಗೆರೆಗಳೆಂದು ಎಣಿಸಿದರೆ, ಸಂಗಮವೊಂದರ ಮೂರು ಕವಲುಗಳಲ್ಲಿ ನಿಂತ ಮೂರು ದೋಣಿಗಳ ನಡುವಿನ ತ್ರಿಭುಜಕ್ಕೆ ಒಳಭಾಗವೆಂಬುದೇ ಇರುವುದಿಲ್ಲ. ಅದಕ್ಕಿಂತ ಸೊರಗಿದ ತ್ರಿಭುಜ ಇನ್ನೊಂದಿಲ್ಲ. ಆದರೆ ಈ ಸೀಮೆಯ ಜನ ಕುದ್ರು ಎಂದು ಕರೆಯುವ ನಡುಗಡ್ಡೆಗಳು ಅಡ್ಡ ಬಂದರೆ, ಅವನ್ನು ಬಳಸುವ ದೊಡ್ಡ ತ್ರಿಭುಜ ಮತ್ತೆ ಉಬ್ಬುತ್ತದೆ. ಅದಕ್ಕೆ ಪರಿಹಾರವೆಂದರೆ ಸುತ್ತುಗಳನ್ನು ಬಿಡಿಸುವುದು: ಕುದ್ರುವನ್ನು ಒಂದು ಸುತ್ತು ಬಳಸಿ ಬಂದ ದೋಣಿ ಹೊರಟಲ್ಲಿಗೆ ಮರಳದೆ ಹೊಸದೊಂದು ತಾಣ ಸೇರಿತೆಂದು ಎಣಿಸಿದಾಗ, ಇಡೀ ಜಲಮಾರ್ಗ ಕೊನೆಯಿಲ್ಲದೆ ಕವಲೊಡೆಯುವ ಮರವಾಗುತ್ತದೆ, ತ್ರಿಭುಜಗಳೆಲ್ಲ ಮತ್ತೆ ಸೊರಗುತ್ತವೆ.

ಸುತ್ತುಗಳನ್ನು ಒಂದರ ಹಿಂದೊಂದು ಜೋಡಿಸಬಹುದು, ಹಿಮ್ಮುಖವಾಗಿ ಸಾಗಿ ಅಳಿಸಬಹುದು. ಇಂಥ ವ್ಯವಸ್ಥೆಗೆ ಗ್ರೂಪ್ ಎಂದು ಹೆಸರು. ಎರಡು ಕುದ್ರುಗಳಿದ್ದರೆ ಮೊದಲು ಯಾವುದನ್ನು ಸುತ್ತಿದ್ದೆಂಬುದು ಮುಖ್ಯವಾಗುತ್ತದೆ, ಆಗ ಸಿಗುವುದು ಮುಕ್ತ ಗ್ರೂಪ್. ಸುತ್ತುಗಳ ಉದ್ದನೆಯ ಸರಣಿಯೊಂದು ಕೊನೆಗೆ ಪೂರ್ತಿ ಅಳಿದುಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಎಲ್ಲ ಗ್ರೂಪ್‌ಗಳಿಗೂ ಅನ್ವಯಿಸುವಂತೆ 1911ರಲ್ಲಿ ಮುಂದಿಟ್ಟವರು ಮ್ಯಾಕ್ಸ್ ಡೆನ್. ಕೆಲವು ಗ್ರೂಪ್‌ಗಳಲ್ಲಿ ಇದನ್ನು ನಿರ್ಧರಿಸುವ ವಿಧಾನವೇ ಇರಲಾರದೆಂದು 1955ರಲ್ಲಿ ನೊವಿಕೊವ್ ಸಾಧಿಸಿದರು. ಒಂದರಿಂದ ಇನ್ನೊಂದಕ್ಕೆ ಎಷ್ಟು ಸುತ್ತುಗಳೆಂದು ಎಣಿಸಿ ಗ್ರೂಪಿನೊಳಗೂ ದೂರ ಅಳೆದಾಗ ತ್ರಿಭುಜಗಳು ಸೊರಗಿರುವ ಗ್ರೂಪ್‌ಗಳಲ್ಲಾದರೆ ಉತ್ತರ ಬೇಗನೆ ಸಿಗುತ್ತದೆಂದು 1987ರಲ್ಲಿ ತೋರಿಸಿದ ಮಿಖಾಯಿಲ್ ಗ್ರೊಮೊವ್, ಅವನ್ನು ಹೈಪರ್ಬಾಲಿಕ್ ಗ್ರೂಪ್‌ಗಳೆಂದು ಕರೆದರು.

ವಕ್ರತೆಯ ಮಿತಿ ಗ್ರೂಪಿನ ಜತೆ ಸೇರಿ ಆಕಾರವನ್ನೇ ಗೊತ್ತುಮಾಡುವುದೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿದ್ಧಾರ್ಥ ಗಾಡ್ಗೀಳ್ ಮತ್ತು ಹರೀಶ್ ಶೇಷಾದ್ರಿ 2009ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ, ಐದು ಅಥವಾ ಹೆಚ್ಚು ಆಯಾಮಗಳ ಅಂಚಿಲ್ಲದ ಸಾಂತ ಜಾಗಗಳ ಒಂದು ಬಗೆಯ ವಕ್ರತೆ ಸೊನ್ನೆಗಿಂತ ಹೆಚ್ಚಾಗಿದ್ದು, ಅವುಗಳ ಸುತ್ತುಗಳು ಕುದ್ರುಗಳಲ್ಲಿ ಕಂಡಂಥ ಮುಕ್ತ ಗ್ರೂಪ್ ಆಗಿದ್ದರೆ, ಅವೆಲ್ಲ ಗೋಳಕ್ಕೆ ಹಿಡಿಕೆಗಳನ್ನು ಕೂಡಿಸಿ ಕಟ್ಟಿದ ಆಕಾರಗಳೇ ಆಗಿರುತ್ತವೆ.