ಎಣ್ಣೆಯ ಜಾಡು ಹಿಡಿಯುವವರು

ಕಬ್ಬಿನ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಗ್ಯಾರೇಜುಗಳಿಗೂ ಹಂಗಾಮು. ಘಟಪ್ರಭೆಯ ನೀರುಂಡ ಎರೆ ಹೊಲಗಳಿಂದ ಬರುವ ಬೈಕುಗಳ ಮೇಲೆ ಹಾಲಿನ ಕ್ಯಾನು, ಮೇವಿನ ಹೊರೆ, ಕಬ್ಬಿನ ವಾಡೆ. ಕಂಪನಿಯವರು ಇಬ್ಬರು ಕೂರಲೆಂದು ಮಾಡಿದ 100 ಸಿಸಿ ಗಾಡಿ ಇಲ್ಲಿ ಅರ್ಧ ಟ್ರ್ಯಾಕ್ಟರ್. ಅಂಥದೊಂದನ್ನು ತಂದು ನಿಲ್ಲಿಸಿದ ಹಿರಿಯರ ದೂರು ಹೆಚ್ಚಾಗಿ ಹೀಗಿರುತ್ತದೆ: “ತಮ್ಮಾ, ಹಿಂದಿನ ಗಾಲಿ ಹತ್ರ ಎಣ್ಣಿ ಸೋರಾಕತ್ತೈತಿ, ಏನಾಗೇತಿ ನೋಡಪಾ.”

ಬರೀ ನೋಡುವುದಕ್ಕೇ ಇಲ್ಲಿ ಅರ್ಧ ಕೂಲಿ ಕೊಡಬೇಕು. ಚೈನಿನ ಬೈಕಿನ ಹಿಂದಿನ ಗಾಲಿಯಲ್ಲಿ ಸೋರುವಂಥ ಎಣ್ಣೆಯೇ ಇಲ್ಲ. ಬೇರಿಂಗಿನಲ್ಲಿ ಒಂದಿಷ್ಟು ಗ್ರೀಸ್, ಅಷ್ಟೆ. ಅಂದಮೇಲೆ ಬೇರೆಲ್ಲಿಂದಲೋ ಬಂದಿರಬೇಕು. ಗಾಡಿ ನಿಂತಿದ್ದಾಗ ಎಣ್ಣೆ ಕೆಳಗಿಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಸಂಕೇಶ್ವರದ ಬಳಿ 48ನೇ ರಾಷ್ಟ್ರೀಯ ಹೆದ್ದಾರಿಗೆ ಬಿದ್ದು ವೇಗವಾಗಿ ಓಡಿದ ಗಾಡಿಯಲ್ಲಿ ಎಂಜಿನ್ನಿನ ಎಣ್ಣೆ ನಂಬರ್ ಪ್ಲೇಟಿನ ತನಕ ಸಿಡಿದಿರುವುದುಂಟು. ಅದಕ್ಕೇ ಪಳಗಿದ ಮೆಕ್ಯಾನಿಕ್ ಹನಿ ಬೀಳುವ ಜಾಗವನ್ನು ಬಿಟ್ಟು, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಹುಡುಕುತ್ತಾನೆ.

ಆದರೆ ನಮ್ಮ ಕಡೆ ಗಾಡಿಯ ಹೊಟ್ಟೆಯಡಿ ಎರೆಮಣ್ಣು, ಎಣ್ಣೆ, ಹೊಟ್ಟು ಮೆತ್ತಿಕೊಂಡು ಒಂದೇ ಗಟ್ಟಿ ಪದರಾಗಿರುತ್ತದೆ. ಅದರ ಮೇಲೆ ಜಾಡು ಕಾಣುವುದು ಸುಳ್ಳು. ಹಾಗಾಗಿ ಮೊದಲ ಕೆಲಸ ತೊಳೆಯುವುದು. ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ಬ್ರಶ್ ಅದ್ದಿ ತಿಕ್ಕಿ, ಒರೆಸಿ, ಒಣಗಲು ಬಿಡುತ್ತಾರೆ. ಒಣಗಿದ ಮೇಲೆ ಎಂಜಿನ್ನಿನ ಮಗ್ಗುಲಿಗೆ ಮುಖದ ಪೌಡರನ್ನೋ ಚಾಕ್ ಪುಡಿಯನ್ನೋ ತೆಳ್ಳಗೆ ಉದುರಿಸಿ, ಒಂದು ಸುತ್ತು ಓಡಿಸಿ ತರುತ್ತಾರೆ. ಬಿಳಿ ಪುಡಿಯ ಮೇಲೆ ಎಣ್ಣೆ ಜಿನುಗಿದ ಕಡೆ ಕಪ್ಪು ಗೆರೆ ಏಳುತ್ತದೆ. ಇಷ್ಟು ಮಾಡದೆ ಕಣ್ಣಳತೆಯಲ್ಲೇ ಪ್ಯಾಕಿಂಗ್ ಬದಲಿಸುವವರೂ ಇದ್ದಾರೆ. ಅವರ ಗ್ಯಾರೇಜಿಗೆ ಅದೇ ಗಾಡಿ ವಾರದೊಳಗೆ ಮತ್ತೆ ಬರುತ್ತದೆ.

ಇನ್ನು ಎಣ್ಣೆಯ ಗುರುತು. ಎರಡು ಬೆರಳ ನಡುವೆ ತಿಕ್ಕಿ, ಮೂಸಿ ನೋಡುತ್ತಾರೆ. ಕಪ್ಪಗಿದ್ದು, ಸುಟ್ಟ ವಾಸನೆ ಬಂದರೆ ಎಂಜಿನ್ ಆಯಿಲ್. ತೆಳ್ಳಗಿದ್ದು, ನೀರು ಹಾಕಿದೊಡನೆ ತೊಳೆದು ಹೋದರೆ ಹಿಂದಿನ ಡಿಸ್ಕ್ ಬ್ರೇಕಿನ ಎಣ್ಣೆ. ಇದು ಬಣ್ಣವನ್ನೂ ತಿನ್ನುತ್ತದೆ. ಸ್ಪ್ರಿಂಗಿನ ಒಳಗಿನ ರಾಡಿಗೆ ಧೂಳು ಉಂಗುರದಂತೆ ಮೆತ್ತಿದ್ದರೆ ಶಾಕ್ ಅಬ್ಸಾರ್ಬರ್ ಕೈಕೊಟ್ಟಿದೆ. ಹೊರೆ ಹೇರುವ ಈ ಸೀಮೆಯಲ್ಲಿ ಅದು ಅಪರೂಪವೇನಲ್ಲ. ಎಷ್ಟೋ ಸಲ ಸೋರಿಕೆಯೇ ಇರುವುದಿಲ್ಲ: ಚೈನಿಗೆ ಯಜಮಾನರೇ ಧಾರಾಳವಾಗಿ ಸುರಿದ ಹಳೆ ಎಂಜಿನ್ ಆಯಿಲ್ ರಿಮ್ಮಿನ ತುಂಬ ಸಿಡಿದಿರುತ್ತದೆ.

ನಿಜವಾದ ಕಳ್ಳ ಹೆಚ್ಚಾಗಿ ಅಡಗಿರುವುದು ಮುಂದಿನ ಚೈನ್ ಸ್ಪ್ರಾಕೆಟ್ಟಿನ ಹಿಂದೆ. ಗೇರ್ ಬಾಕ್ಸಿನ ಶಾಫ್ಟ್ ಹೊರಬರುವ ಜಾಗದಲ್ಲಿ ರಬ್ಬರಿನ ಆಯಿಲ್ ಸೀಲ್ ಇದೆ. ಅದರ ತುಟಿ ಸವೆದರೆ ಎಣ್ಣೆ ಚೈನಿಗೆ ಇಳಿದು, ಚೈನಿನ ಜೊತೆ ಪ್ರಯಾಣ ಮಾಡಿ ಹಿಂದಿನ ಗಾಲಿಗೆ ತಲುಪುತ್ತದೆ. ಚೈನ್ ಮುಚ್ಚುವ ಕವರಿನಲ್ಲಿ ತುಂಬಿ, ಅದರ ಹಿಂದಿನ ತುದಿಯಿಂದ ಹನಿಯುತ್ತದೆ. ನೋಡಿದವರು ಗಾಲಿಯನ್ನು ಬೈಯುತ್ತಾರೆ. ಸೀಲ್ ಸವೆಯುವುದಕ್ಕೂ ಕಾರಣ ಬೇಕಲ್ಲ. ಒಂದು, ಸ್ಪ್ರಾಕೆಟ್ಟಿನ ಸುತ್ತ ಸೇರಿದ ಮಣ್ಣು. ಇನ್ನೊಂದು, ಅತಿಯಾಗಿ ಬಿಗಿದ ಚೈನ್. ಸಣ್ಣ ಬೈಕುಗಳ ಚೈನಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಸಡಿಲ ಇರಬೇಕು. ಹೊರೆ ಹೊರುವ ಗಾಡಿಯೆಂದು ಚೈನನ್ನು ತಂತಿಯ ಹಾಗೆ ಎಳೆದು ಕಟ್ಟಿದರೆ, ಶಾಫ್ಟಿನ ಬೇರಿಂಗ್ ಪಕ್ಕಕ್ಕೆ ಜಗ್ಗಿ ಸೀಲನ್ನು ಹಾಳುಮಾಡುತ್ತದೆ.

ಬಹಳಷ್ಟು ಗಾಡಿಗಳಲ್ಲಿ ಈ ಸೀಲನ್ನು ಎಂಜಿನ್ ಬಿಚ್ಚದೆ ಹೊರಗಿನಿಂದಲೇ ಕೀಳಬಹುದು. ಹೊಸ ಸೀಲಿನ ಮೇಲೆ ಒಳಗಿನ ವ್ಯಾಸ, ಹೊರಗಿನ ವ್ಯಾಸ, ದಪ್ಪ, ಮೂರೂ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತವೆ. ನೋಡಬೇಕಾದ್ದು ಅದನ್ನು ಕೂರಿಸುವ ರೀತಿ. ಶಾಫ್ಟಿನ ತುದಿಯ ಹಲ್ಲುಗಳಿಗೆ ಇನ್ಸುಲೇಶನ್ ಟೇಪ್ ಸುತ್ತುತ್ತಾರೆ, ಇಲ್ಲದಿದ್ದರೆ ಸೀಲಿನ ತುಟಿ ಹೋಗುವಾಗಲೇ ಕೊಯ್ದುಹೋಗುತ್ತದೆ. ತುಟಿಗೆ ಎಣ್ಣೆ ಸವರಿ, ಟೇಪಿನ ಮೇಲಿಂದ ಜಾರಿಸಿ, ಸರಿಯಾದ ಅಳತೆಯ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ತಟ್ಟುತ್ತಾರೆ. ಸೀಲಿನ ಬೆಲೆ ಅಲ್ಪ, ಕೈಯ ಬೆಲೆಯೇ ಹೆಚ್ಚು.

ಹಳಬರ ಹತ್ತಿರ ಮಾತಿಗೆ ಕೂತರೆ ಬಜಾಜ್ ಚೇತಕ್ ಬಾರದೆ ಇರದು. 1972ರಲ್ಲಿ ಬಂದ ಆ ಸ್ಕೂಟರಿಗೆ ಚೈನಿಲ್ಲ. ಬಲಕ್ಕಿದ್ದ ಎಂಜಿನ್ನಿನ ಗೇರುಗಳೇ ನೇರವಾಗಿ ಹಿಂದಿನ ಗಾಲಿಯನ್ನು ತಿರುಗಿಸುತ್ತಿದ್ದವು. ಅಲ್ಲಿನ ಹಬ್ ಸೀಲ್ ಹೋದರೆ ಗೇರ್ ಆಯಿಲ್ ನೇರ ಬ್ರೇಕ್ ಶೂಗೇ. ಹಳೆ ಬುಲೆಟ್ಟಿನದು ಬೇರೆ ರೀತಿ: ಎಂಜಿನ್ನಿನ ಒಳಗಿನ ಒತ್ತಡ ಬಿಡುವ ಬ್ರೀದರ್ ಪೈಪಿನಿಂದ ಎಣ್ಣೆಯ ಹಬೆ ಹಿಂದಕ್ಕೆ ಬಂದು ಚೈನಿಗೆ ಹತ್ತುತ್ತಿತ್ತು. ಅದನ್ನು ಸೋರಿಕೆ ಎನ್ನಲು ಬುಲೆಟ್ ಮಾಲೀಕರು ಒಪ್ಪುವುದಿಲ್ಲ. ಈಗಿನ ಬೈಕಿನಲ್ಲಿ ಬ್ರೀದರಿನಿಂದ ಎಣ್ಣೆ ಬಂದರೆ ಒಂದೋ ಪಿಸ್ಟನ್ ರಿಂಗ್ ಸವೆದಿದೆ, ಇಲ್ಲವೇ ಎಣ್ಣೆ ಜಾಸ್ತಿಯಾಗಿದೆ. ಅನೇಕ 100 ಸಿಸಿ ಎಂಜಿನ್ನುಗಳಿಗೆ ಬೇಕಾದ್ದು ಸುಮಾರು 800 ಮಿಲಿಲೀಟರ್. ಉಳಿಸಿ ಏನು ಮಾಡುವುದೆಂದು ಲೀಟರ್ ಡಬ್ಬಿಯನ್ನೇ ಬಗ್ಗಿಸಿದರೆ ಹೆಚ್ಚಾದದ್ದು ಏರ್ ಫಿಲ್ಟರಿನ ಡಬ್ಬಿ ಸೇರಿ, ಅದರ ಕೆಳಗಿನ ಸಣ್ಣ ಕೊಳವೆಯಿಂದ ಹಿಂದಿನ ಗಾಲಿಯ ಮುಂದೆಯೇ ಹನಿಯುತ್ತದೆ. ಇದಕ್ಕೆ ರಿಪೇರಿಯೇ ಬೇಕಿಲ್ಲ, ಹೆಚ್ಚಾದದ್ದನ್ನು ತೆಗೆದರಾಯಿತು.

2019ರ ಆಗಸ್ಟಿನಲ್ಲಿ ಘಟಪ್ರಭೆ ಲೋಳಸೂರ ಸೇತುವೆ ಮುಳುಗಿಸಿ ಗೋಕಾಕಿನೊಳಗೆ ನುಗ್ಗಿತ್ತು. ಹಾಗೆ ನೀರಿನಲ್ಲಿ ಮುಳುಗಿದ ಗಾಡಿಯ ಎಂಜಿನ್ ಆಯಿಲ್ ಬಿಳಿಚಿ ಕೆನೆಗಟ್ಟುತ್ತದೆ. ಅಂಥದನ್ನು ಸ್ಟಾರ್ಟ್ ಮಾಡಲು ಒದೆಯುತ್ತ ನಿಲ್ಲದೆ ಮೊದಲು ಎಣ್ಣೆ ಬಸಿಯಬೇಕು. ಕೆಸರು ಸೀಲಿನ ತುಟಿಯಲ್ಲಿ ಉಳಿದರೆ ಸೋರಿಕೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಎಣ್ಣೆ ಟಯರಿಗೂ ಬ್ರೇಕ್ ಶೂಗೂ ಹತ್ತಿದ್ದರೆ ಮಾತ್ರ ಜವಾಬ್ದಾರಿ ಇರುವ ಮೆಕ್ಯಾನಿಕ್ ಗಾಡಿ ಬಿಡುವುದಿಲ್ಲ. ಟಯರನ್ನು ಸೋಪಿನ ನೀರಲ್ಲಿ ತಿಕ್ಕಿ ತೊಳೆದರೆ ಸಾಕು. ಎಣ್ಣೆ ಕುಡಿದ ಶೂ ಹಾಗಲ್ಲ. ಪೆಟ್ರೋಲಿನಲ್ಲಿ ಒರೆಸಿ ಮರಳುಕಾಗದ ಉಜ್ಜಿದರೂ ಬಿಸಿಯಾದಾಗ ಒಳಗಿನದು ಮತ್ತೆ ಹೊರಗೆ ಬಂದು ಬ್ರೇಕ್ ಜಾರುತ್ತದೆ. ಚೌಕಾಸಿ ಶುರುವಾಗುವುದು ಇಲ್ಲಿಯೇ. “ಶೂ ಇನ್ನೂ ಹೊಸಾವ ಅದಾವಲ್ಲೋ?” “ಹೊಸಾವ ಖರೆ ಕಾಕಾ, ಆದ್ರ ಎಣ್ಣಿ ಕುಡದಾವು. ಬದ್ಲಿ ಮಾಡಾಕಬೇಕ್ರಿ.”