ಮಿಗವನ್ನು ಕರೆಯುವ ವಿದ್ಯೆ

ಕಾಫಿಯ ಹಣ್ಣು ಕೆಂಪೇರಿ ಕೊಯ್ಲು ಮೊದಲಾಗುವ ದಿನಗಳಲ್ಲಿ ಮಲೆನಾಡಿನ ಇರುಳು ಪೂರ್ತಿಯಾಗಿ ನಿಶ್ಶಬ್ದವಾಗಿರುವುದಿಲ್ಲ. ಮಂಜು ಇಳಿದು ಕಳಸ, ಮೂಡಿಗೆರೆಗಳ ತೋಟಗಳೆಲ್ಲ ಮಸುಕಾಗಿ, ಮನೆಮಂದಿ ಊಟ ಮುಗಿಸಿ ದೀಪವಾರಿಸುವ ಹೊತ್ತಿಗೆ ಕಾಡಿನ ಅಂಚಿನಿಂದ 'ಢಾಂಕ್' ಎಂದು ಒಂದು ಕೂಗು ಏಳುತ್ತದೆ. ಪಟ್ಟಣದಿಂದ ಬಂದ ನೆಂಟರ ಮಕ್ಕಳು ಬೆಚ್ಚಿಬೀಳುತ್ತಾರೆ. ಮನೆಯ ಹಿರಿಯರು ಮಾತ್ರ ಒಂದು ಗಳಿಗೆ ಕಿವಿಗೊಟ್ಟು, "ಕಡ ಕೂಗ್ತು. ಏನನ್ನೋ ಕಂಡಿರಬೇಕು" ಎಂದು ಹೇಳಿ ಮಗ್ಗುಲಾಗುತ್ತಾರೆ.

ಕಡ ಅಥವಾ ಕಡವೆ ನಮ್ಮ ಕಾಡುಗಳ ಅತಿ ದೊಡ್ಡ ಜಿಂಕೆ. ಬಲಿತ ಗಂಡಿನ ತೂಕ 200 ಕಿಲೋಗ್ರಾಂ ಮೀರುವುದುಂಟು. ಅದರ ಒಂದು ಕೂಗಿನಲ್ಲಿ ಇಡೀ ಕಾಡಿಗೆ ಸಲ್ಲುವ ವಾರ್ತೆಯಿರುತ್ತದೆ. ಈ ಭಾಷೆಯನ್ನು ಮನುಷ್ಯನು ಕಲಿತು ಆಡಬಲ್ಲನೆ? ಆಡಿದರೆ ಮಿಗವು ನಂಬಿ ಬರುವುದೆ? ಜಗತ್ತಿನ ಅನೇಕ ದೇಶಗಳ ಬೇಟೆಗಾರರು ಈ ಪ್ರಶ್ನೆಗೆ ಕೊಂಬು, ಶಂಖ, ಮರದ ತೊಗಟೆ, ರಬ್ಬರುಗಳಿಂದ ಉತ್ತರ ಕೊಟ್ಟಿದ್ದಾರೆ. ಮಲೆನಾಡಿನವರು ಕೊಟ್ಟ ಉತ್ತರ ಮಾತ್ರ ಬೇರೆ.

ಒಂದು ಹೆಸರು, ಮೂರು ಪ್ರಾಣಿ

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳಿಗೆ ಕಾಫಿ ಬೆಳೆಯಲು ಬಂದ ಆಂಗ್ಲರಿಗೆ ಬೇಟೆಯೆಂದರೆ ಎಲ್ಲಿಲ್ಲದ ಹುಚ್ಚು. ಮಂಜರಾಬಾದಿನ ಕಡೆ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಈ ಮೂರೂ ಒಂದೇ ಸಾಲಿನಲ್ಲಿ ನಿಂತಿವೆ. ದಕ್ಷಿಣ ಭಾರತದ ಆಂಗ್ಲ ಬೇಟೆಗಾರರು ಕಡವೆಯನ್ನು 'ಎಲ್ಕ್' ಎಂದು ಕರೆಯುತ್ತಿದ್ದರು. 1886ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ಎಂಬ ನಿಘಂಟು ಈ ಬಳಕೆಯನ್ನು ದಾಖಲಿಸಿ, ಹೆಸರು ಸಲ್ಲದೆಂದು ಆಕ್ಷೇಪಿಸಿದೆ.

ಆಕ್ಷೇಪ ನ್ಯಾಯವಾದದ್ದೇ. ಯೂರೋಪಿನಲ್ಲಿ ಎಲ್ಕ್ ಎಂದರೆ ಹಲಗೆಯಂತೆ ಅಗಲವಾದ ಕೊಂಬಿನ, ಜೋಲು ಮೂತಿಯ ಬೇರೊಂದು ಮಹಾಮೃಗ. ಅಮೆರಿಕದಲ್ಲಿ ಅದಕ್ಕೆ ಮೂಸ್ ಎನ್ನುತ್ತಾರೆ. ಅಮೆರಿಕದವರು ಎಲ್ಕ್ ಎನ್ನುವುದು ವಾಪಿಟಿಯನ್ನು. ಇದು ಯೂರೋಪಿನ ಕೆಂಪು ಜಿಂಕೆಯ ಹತ್ತಿರದ ಬಂಧು. ಮೂರನೆಯದು ನಮ್ಮ ಕಡವೆ. ಮೂರೂ ದೊಡ್ಡ ಮೈಯವೇ. ಆದರೆ ಕೊರಳು ಬೇರೆ, ಸ್ವಭಾವ ಬೇರೆ. ಕರೆಯುವ ವಿದ್ಯೆಯೂ ಆ ಕೊರಳಿಗೆ ತಕ್ಕಂತೆ ಬೆಳೆಯಿತು.

ಕೊಂಬು, ಶಂಖ, ತೊಗಟೆ, ರಬ್ಬರು

ಯೂರೋಪಿನ ಕೆಂಪು ಜಿಂಕೆಗೆ ಸೆಪ್ಟೆಂಬರ್, ಅಕ್ಟೋಬರ್ ಬೆದೆಗಾಲ. ಗಂಡು ತನ್ನ ಹೆಣ್ಣುಗಳ ಹಿಂಡನ್ನು ಕಾಯುತ್ತ ಹಗಲಿರುಳೆನ್ನದೆ ಗರ್ಜಿಸುತ್ತದೆ. ಎದುರಾಳಿ ಕೂಗಿದರೆ ಸುಮ್ಮನಿರುವುದು ಅದರಿಂದಾಗದು. ಬೇಟೆಗಾರನು ಹಿಡಿದದ್ದು ಈ ದೌರ್ಬಲ್ಯವನ್ನೇ. ಜರ್ಮನಿಯವರು ತುದಿ ಕತ್ತರಿಸಿದ ಎತ್ತಿನ ಕೊಂಬು, ಕಡಲಿನ ದೊಡ್ಡ ಶಂಖ, ಒಣಗಿದ ಟೊಳ್ಳು ಗಿಡದ ದಂಟು, ಲಾಂದ್ರದ ಗಾಜಿನ ಚಿಮಣಿ ಇವುಗಳಿಗೆಲ್ಲ ಬಾಯಿಟ್ಟು ಗರ್ಜಿಸುವುದನ್ನು ಕಲಿತರು. ಅಲ್ಲಿನ ಡಾರ್ಟ್ಮಂಡ್ ನಗರದ ಬೇಟೆ ಮೇಳದಲ್ಲಿ ಜಿಂಕೆಯಂತೆ ಕೂಗುವ ಸ್ಪರ್ಧೆಯೇ ನಡೆಯುತ್ತದೆ.

ಉಪಕರಣವನ್ನು ಆರಿಸುವಾಗ ಮೊದಲು ನೋಡುವುದು ಕೊಳವೆಯ ಅಳತೆಯನ್ನು. ಕೊಳವೆ ಉದ್ದವಾಗಿ ಅಗಲವಾದಷ್ಟೂ ದನಿ ತಗ್ಗಿ ಗಂಭೀರವಾಗುತ್ತದೆ. ಕೇಳಿದ ಜಿಂಕೆಗೆ ಎದುರಾಳಿ ಮುದಿಯ, ಭಾರಿ ಮೈಯವ ಎಂದೆನಿಸುತ್ತದೆ. ಆದರೆ ಅತಿ ಗಂಭೀರವಾಗಿ ಕೂಗುವವನು ಅನುಭವಸ್ಥನಲ್ಲ. ತನಗಿಂತ ದೊಡ್ಡವನೆಂದು ತಿಳಿದರೆ ಗಂಡು ಹೆಣ್ಣುಗಳನ್ನು ಕೂಡಿಕೊಂಡು ಜಾರಿಬಿಡುತ್ತದೆ. ಬರಬೇಕಾದವನಿಗೆ ಸಮನಾಗಿ, ಇಲ್ಲವೆ ಒಂದು ಕೈ ಕಡಿಮೆಯಾಗಿ ಕೂಗುವವನೇ ಜಾಣ. 'ಇವನನ್ನು ಓಡಿಸಬಲ್ಲೆ' ಎಂಬ ಧೈರ್ಯ ಮಿಗಕ್ಕೆ ಹುಟ್ಟಬೇಕು.

ಅಮೆರಿಕದ ವಾಪಿಟಿ ಗರ್ಜಿಸುವುದಿಲ್ಲ; ಅದರ ಕೂಗು ತಗ್ಗಿನಲ್ಲಿ ಮೊದಲಾಗಿ, ಕೊಳಲಿನ ಸಿಳ್ಳಿನಂತೆ ಮೇಲೇರಿ, ಕೊನೆಗೆ ಗೊರಗೊರ ಸದ್ದಿನಲ್ಲಿ ಮುಗಿಯುತ್ತದೆ. ಇದಕ್ಕೆ ಅಲ್ಲಿ ಮೂರು ಬಗೆಯ ಉಪಕರಣಗಳು ಬಳಕೆಯಲ್ಲಿವೆ. ಹೊಸಬರಿಗೆ ಅನುಕೂಲವಾದದ್ದು ಕೈಯಿಂದ ಒತ್ತುವ ರಬ್ಬರಿನ ಬುರುಡೆ. ಒತ್ತಿದರೆ ಹೆಣ್ಣಿನ ಮೆಲುದನಿ ಬರುತ್ತದೆ. ಎರಡನೆಯದು ತುಟಿಗಳ ನಡುವೆ ಹಿಡಿದು ಊದುವ ನಾಲಗೆಪೀಪಿ. ಮೂರನೆಯದು ಲಾಳದ ಆಕಾರದ ಚೌಕಟ್ಟಿಗೆ ತೆಳು ರಬ್ಬರಿನ ಪೊರೆ ಬಿಗಿದದ್ದು. ಅದನ್ನು ಅಂಗುಳಿಗೆ ಅಂಟಿಸಿಕೊಂಡು ನಾಲಗೆಯ ಒತ್ತಡದಿಂದ ನುಡಿಸಬೇಕು. ಕಲಿಯುವುದು ಕಷ್ಟ, ಆದರೆ ಎರಡು ಕೈಗಳೂ ಬಿಲ್ಲಿಗೋ ಬಂದೂಕಿಗೋ ಬಿಡುವಾಗಿರುತ್ತವೆ.

ಬಳಸುವುದರಲ್ಲಿಯೂ ಕ್ರಮವಿದೆ. ಕರೆ ಕೇಳಿದ ಗಂಡು ನೇರವಾಗಿ ಬರುವುದು ವಿರಳ. ಸುತ್ತು ಬಳಸಿ, ಗಾಳಿ ತನ್ನ ಮೂಗಿಗೆ ಬೀಸುವ ಕಡೆಯಿಂದ ಬರುತ್ತದೆ. ಕಿವಿಯನ್ನು ವಂಚಿಸಿದವನೂ ಮೂಗನ್ನು ವಂಚಿಸಲಾರ. ಆದುದರಿಂದ ಕೂಗುವವನು ಹಿಂದೆ, ಹೊಡೆಯುವವನು ಹಲವು ಮಾರು ಮುಂದೆ ಇರುತ್ತಾರೆ. ನಡುನಡುವೆ ಒಣಕೋಲಿನಿಂದ ಪೊದೆಯನ್ನು ಕೆರೆದರೆ, ಗಂಡೊಂದು ಕೊಂಬು ತಿಕ್ಕುತ್ತಿರುವಂತೆ ಕೇಳಿಸುತ್ತದೆ. ಕೆನಡಾದ ಮೂಲನಿವಾಸಿಗಳು ಭೂರ್ಜದ ತೊಗಟೆಯನ್ನು ತುತ್ತೂರಿಯಂತೆ ಸುತ್ತಿ ಹೆಣ್ಣು ಮೂಸಿನ ನೀಳ ನರಳಿಕೆಯನ್ನು ಅನುಕರಿಸುತ್ತಿದ್ದರು. ಎಲ್ಲ ದೇಶಗಳ ಅನುಭವಸ್ಥರೂ ಒಪ್ಪುವ ಮಾತು ಒಂದು: ಕಡಿಮೆ ಕೂಗಬೇಕು, ಹೆಚ್ಚು ಕಾಯಬೇಕು.

ಕೂಗಿನ ಒಳಗುಟ್ಟು

ಗರ್ಜನೆಯಲ್ಲಿ ಅಂಥದ್ದೇನಿದೆ? ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ಕೆಂಪು ಜಿಂಕೆಗಳನ್ನು ವರ್ಷಗಟ್ಟಲೆ ಗಮನಿಸಿದ ಕ್ಲಟನ್-ಬ್ರಾಕ್ ಮತ್ತು ಆಲ್ಬನ್ ಎಂಬ ವಿಜ್ಞಾನಿಗಳು 1979ರಲ್ಲಿ ಇದನ್ನು ವಿವರಿಸಿದರು. ಎರಡು ಗಂಡುಗಳು ಕಾದಾಡುವ ಮುನ್ನ ಕೂಗಿನ ಪೈಪೋಟಿ ನಡೆಸುತ್ತವೆ. ಒಂದೇ ಸಮನೆ ಬೇಗಬೇಗನೆ ಗರ್ಜಿಸಲು ಮೈಯಲ್ಲಿ ಕಸುವಿರಬೇಕು. ಬಳಲಿದವನು ಆ ವೇಗವನ್ನು ಉಳಿಸಿಕೊಳ್ಳಲಾರ. ಸೋಲುವೆನೆಂದು ತೋರಿದವನು ಕೊಂಬು ಕೂಡಿಸದೆಯೇ ಹಿಂದೆಗೆಯುತ್ತಾನೆ. ಎಷ್ಟೋ ಜೀವಗಳು ಹೀಗೆ ಗಾಯವಿಲ್ಲದೆ ಉಳಿಯುತ್ತವೆ. ಹೆಣ್ಣೂ ಈ ದನಿಯನ್ನು ಕೇಳುತ್ತಿರುತ್ತದೆ. ಗರ್ಜನೆ ಕೇಳಿದ ಹೆಣ್ಣುಗಳು ಬೇಗ ಬೆದೆಗೆ ಬರುತ್ತವೆಂದು ಕರೆನ್ ಮೆಕ್‌ಕೋಂಬ್ 1987ರಲ್ಲಿ ತೋರಿಸಿದರು.

2001ರಲ್ಲಿ ಫಿಚ್ ಮತ್ತು ರೆಬಿ ಎಂಬವರು ಇನ್ನೊಂದು ಗುಟ್ಟನ್ನು ಬಯಲಿಗಿಟ್ಟರು. ಗರ್ಜಿಸುವಾಗ ಗಂಡು ತನ್ನ ಧ್ವನಿಪೆಟ್ಟಿಗೆಯನ್ನು ಎದೆಮೂಳೆಯ ಕಡೆಗೆ ಕೆಳಗೆಳೆದುಕೊಳ್ಳುತ್ತದೆ. ಕೊರಳಿನ ನಾಳ ಉದ್ದವಾಗಿ ದನಿ ತಗ್ಗುತ್ತದೆ. ಬೇಟೆಗಾರನು ಉದ್ದ ಕೊಳವೆಯಿಂದ ಸಾಧಿಸುವುದನ್ನು ಮಿಗವು ತನ್ನ ಕೊರಳಿನಲ್ಲಿಯೇ ಸಾಧಿಸಿಕೊಂಡಿದೆ!

ದೀವ ಮತ್ತು ಗೋರಿ

ಈ ವಿದ್ಯೆ ಕನ್ನಡ ನಾಡಿಗೆ ಅಪರಿಚಿತವೆ? ಹಾಗೇನೂ ಇಲ್ಲ. ಹಳಗನ್ನಡದಲ್ಲಿ 'ದೀವ' ಎಂಬ ಮಾತಿದೆ. ಕಾಡಿನ ಮಿಗವನ್ನು ಸೆಳೆಯಲು ಪಳಗಿಸಿಟ್ಟುಕೊಂಡ ಮಿಗಕ್ಕೆ ಆ ಹೆಸರು. 'ಗೋರಿ' ಎಂಬ ಇನ್ನೊಂದು ಮಾತಿದೆ. ಬೇಟೆಗಾರನು ಜಿಂಕೆಯನ್ನು ಮರುಳುಗೊಳಿಸಲು ಹಾಡುವ ಇಂಪಾದ ಹಾಡೇ ಗೋರಿ. ಇಂದು ಆ ಅರ್ಥ ನಿಘಂಟಿನಲ್ಲಿ ಮಾತ್ರ ಉಳಿದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಬೇಟೆಗೂ ವಿಸ್ತಾರವಾದ ಸ್ಥಾನವಿದೆ. ಪಂಪನ 'ವಿಕ್ರಮಾರ್ಜುನ ವಿಜಯ'ದ ಬೇಟೆಯ ವರ್ಣನೆಯನ್ನು ಸಾಹಿತ್ಯಪ್ರಿಯರು ಬಲ್ಲರು.

ತತ್ತ್ವವನ್ನು ಹೇಳಿದವರು ಇದೇ ದೃಷ್ಟಾಂತವನ್ನು ಬೇರೆ ರೀತಿಯಲ್ಲಿ ಬಳಸಿಕೊಂಡರು. ಮುಟ್ಟುವ ಸುಖಕ್ಕೆ ಆನೆ, ರೂಪಕ್ಕೆ ಪತಂಗ, ಕಂಪಿಗೆ ದುಂಬಿ, ರುಚಿಗೆ ಮೀನು ಕೆಡುವಂತೆ, ನಾದಕ್ಕೆ ಸೋತು ಕೆಡುವುದು ಜಿಂಕೆ ಎಂದರು. ಇಲ್ಲಿ ಮರುಕವೂ ಇದೆ. ಮಿಗವನ್ನು ಕೊಲ್ಲುವುದು ಅದರ ದಡ್ಡತನವಲ್ಲ. ಅದು ಇನ್ನೊಂದು ದನಿಯ ಮೇಲಿಟ್ಟ ನಂಬಿಕೆ.

ಮಲೆನಾಡಿನವರ ಉತ್ತರ

ಹೀಗಿದ್ದರೂ ಮಲೆನಾಡಿನ ಬೇಟೆಯ ಮುಖ್ಯ ಪದ್ಧತಿಗಳು ಎರಡೇ: ಸೋವು ಮತ್ತು ಮರಸು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ', 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಮಲೆನಾಡಿನ ಬೇಟೆಯ ಲೋಕ ಹೊಸದಲ್ಲ. ಸೋವಿನಲ್ಲಿ ಕೋವಿಯವರು ಮಿಗ ಹಾಯುವ ಕಂಡಿಗಳಲ್ಲಿ ಸದ್ದಿಲ್ಲದೆ ನಿಲ್ಲುತ್ತಿದ್ದರು. ಉಳಿದವರು ನಾಯಿಗಳೊಡನೆ ಹಳುವಿಗೆ ನುಗ್ಗಿ, ಕೂ ಹಾಕುತ್ತ, ಮರ ಬಡಿಯುತ್ತ ಮಿಗವನ್ನು ಅತ್ತ ಅಟ್ಟುತ್ತಿದ್ದರು. ಗಾಯಗೊಂಡ ಹಂದಿ ತಿರುಗಿ ಬಿದ್ದರೆ ಮೊದಲು ಸಿಕ್ಕುವವರು ಕೋವಿಯಿಲ್ಲದ ಈ ಬಡ ಆಳುಗಳೇ. ಮರಸಿನಲ್ಲಿ ಹಣ್ಣುದುರುವ ಮರದ ಬಳಿ ಅಟ್ಟಣೆ ಕಟ್ಟಿ, ಉಸಿರಡಗಿಸಿ ಕುಳಿತು ಕಾಯಬೇಕು. ಯೂರೋಪಿನವನು ಕೂಗಿ ಕರೆದರೆ ಮಲೆನಾಡಿನವನು ಕೂಗಿ ಓಡಿಸಿದ. ಇಲ್ಲವೆ ಕೂಗದೆ ಕಾದ.

ಇದಕ್ಕೆ ಕಾರಣ ಕಡವೆಯ ಸ್ವಭಾವದಲ್ಲಿಯೇ ಇದೆ. ಚಳಿಗಾಲದ ಬೆದೆಯಲ್ಲಿಯೂ ಗಂಡು ಕಡವೆ ಕೆಂಪು ಜಿಂಕೆಯಂತೆ ಹಗಲಿರುಳು ಗರ್ಜಿಸುವುದಿಲ್ಲ. ಕೆಸರಿನಲ್ಲಿ ಹೊರಳಿ, ಮರಕ್ಕೆ ಕೊಂಬು ತಿಕ್ಕಿ, ವಾಸನೆಯಿಂದಲೇ ತನ್ನ ಇರವನ್ನು ಸಾರುತ್ತದೆ. ಹುಲಿ, ಚಿರತೆ, ಸೀಳುನಾಯಿಗಳು ತಿರುಗಾಡುವ ದಟ್ಟ ಕಾಡಿನಲ್ಲಿ ಕೊರಳೆತ್ತುವುದು ಅಪಾಯ. ಅದು ನಿಜವಾಗಿ ಕೂಗುವುದು ವೈರಿಯನ್ನು ಕಂಡಾಗ, ಇಲ್ಲವೆ ಅದರ ವಾಸನೆ ಬಡಿದಾಗ: ಕಿವಿ ನಿಮಿರಿಸಿ, ಬಾಲವೆತ್ತಿ, ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ 'ಢಾಂಕ್' ಎನ್ನುತ್ತದೆ. ಆ ಕೂಗನ್ನು ಅನುಕರಿಸಿದರೆ ಉಳಿದ ಕಡವೆಗಳು ಬರುವುದಿರಲಿ, ಎಚ್ಚೆತ್ತು ದೂರವಾಗುತ್ತವೆ.

ಕರೆದು ಬರಿಸಿದ ಪ್ರಸಂಗಗಳಿಲ್ಲವೆಂದಲ್ಲ. ಆದರೆ ಅವು ಹುಲಿಯವು. ಕುಮಾವೂಂ ಬೆಟ್ಟಗಳ ಠಾಕ್ ಎಂಬಲ್ಲಿ 1938ರ ನವೆಂಬರ್ 30ರ ಸಂಜೆ ಜಿಮ್ ಕಾರ್ಬೆಟ್ ಗಂಡು ಹುಲಿಯ ದನಿಯಲ್ಲಿ ಕೂಗಿ ನರಭಕ್ಷಕ ಹೆಣ್ಣು ಹುಲಿಯನ್ನು ಎದುರಿಗೆ ಬರಿಸಿಕೊಂಡರು. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮಿಳುನಾಡಿನ ಗಡಿಯ ಜವಳಗಿರಿಯಲ್ಲಿ ಇದನ್ನೇ ಮಾಡಿದ ಕಥೆ 1954ರ ಅವರ ಮೊದಲ ಪುಸ್ತಕದಲ್ಲಿದೆ. ನಮ್ಮ ಜಿಲ್ಲೆಯ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯೂ ಅದರಲ್ಲಿಯೇ ಸೇರಿದೆ. ಆಂಡರ್ಸನ್‌ರ ಅನುಭವಗಳನ್ನು ಕನ್ನಡದ ಮನೆಮನೆಗೆ ತಲುಪಿಸಿದವರು ಮೂಡಿಗೆರೆಯಲ್ಲಿಯೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ.

ಹೀಗೆ ಕಡವೆಯ ಮಟ್ಟಿಗೆ ಮಲೆನಾಡು ಬೆಳೆಸಿದ್ದು ಕರೆಯುವ ಕೊರಳನ್ನಲ್ಲ, ಗುರುತಿಸುವ ಕಿವಿಯನ್ನು. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಒಮ್ಮೆ ಹಿಡಿದರೆ ಬಹಳ ಹೊತ್ತು ಬಿಡದು. ಚುಕ್ಕೆಜಿಂಕೆಯದು ಕೀರಲು ಕೂಗು. ಅಲ್ಪ ಕಾರಣಕ್ಕೂ ಅದು ಹೆದರುವುದುಂಟು. ಮರದ ಮೇಲಿನ ಮುಸುವ ಎತ್ತರದಿಂದ ಕಂಡು ಕೆಮ್ಮಿದಂತೆ ಸದ್ದು ಮಾಡುತ್ತದೆ. ಇವೆಲ್ಲದರ ನಡುವೆ ಕಡವೆ ಸುಮ್ಮಸುಮ್ಮನೆ ಕೂಗುವುದಿಲ್ಲವೆಂದು ಕಾಡು ಬಲ್ಲವರ ನಂಬಿಕೆ. ಅದು ಬಿಟ್ಟೂಬಿಟ್ಟೂ ಕೂಗುತ್ತಿದ್ದರೆ ವೈರಿ ಇನ್ನೂ ಅದರ ಕಣ್ಣಳತೆಯಲ್ಲಿದೆ ಎಂದರ್ಥ.

ಕೋವಿ ಕೆಳಗಿಟ್ಟ ಮೇಲೆ

ಮೈಸೂರು ಸಂಸ್ಥಾನ 1901ರಷ್ಟು ಹಿಂದೆಯೇ ಬೇಟೆಯನ್ನು ನಿಯಂತ್ರಿಸುವ ಶಾಸನ ಮಾಡಿತ್ತು. 1951ರಲ್ಲಿ ಜಾಗರ ಕಣಿವೆ ವನ್ಯಧಾಮವಾಯಿತು. 1974ರಲ್ಲಿ ಅದು ವಿಸ್ತಾರಗೊಂಡು ಭದ್ರಾ ಅಭಯಾರಣ್ಯವೆನಿಸಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಳಸದ ನೆರೆಯ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇವುಗಳ ನಡುವೆ ಬಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯನ್ನೇ ಹಿಗ್ಗಿಸಿತು. ಕೊಲ್ಲುವುದಷ್ಟೇ ಅಲ್ಲ, ಉರುಳೊಡ್ಡುವುದು, ಆಮಿಷವಿಡುವುದು, ಅಟ್ಟಿ ಸೋವುವುದು, ಇಂಥ ಪ್ರಯತ್ನ ಮಾಡುವುದು ಕೂಡ ಅದರ ಪ್ರಕಾರ ಬೇಟೆಯೇ. ಹಿಂದೆ ಊರಿಗೆ ಊರೇ ಹೊರಡುತ್ತಿದ್ದ ಸೋವು ಇಂದು ಅಪರಾಧ. ಕಡವೆಯನ್ನು 2008ರಿಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜೀವಿಯೆಂದು ಗುರುತಿಸಲಾಗಿದೆ.

ಆದರೆ ಹುಸಿ ಕರೆಯ ಆಮಿಷ ಹೋಗಿಲ್ಲ, ವೇಷ ಬದಲಿಸಿದೆ. ಈಗ ಕೊಂಬು ಬೇಡ, ಶಂಖ ಬೇಡ. ಮೊಬೈಲಿನಲ್ಲಿ ಎಲ್ಲ ಪ್ರಾಣಿಪಕ್ಷಿಗಳ ದನಿಯೂ ಸಿಕ್ಕುತ್ತದೆ. ಒಳ್ಳೆಯ ಚಿತ್ರದ ಆಸೆಗೆ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ನುಡಿಸಿ ಕರೆಯುವವರಿದ್ದಾರೆ. ಗುಂಡು ಹಾರಿಸುವುದಿಲ್ಲವಲ್ಲ, ಇದರಿಂದೇನು ಕೇಡು ಎಂದು ಕೇಳಬಹುದು. ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ಮೇವು ಬಿಡುತ್ತದೆ, ಗೂಡು ಬಿಡುತ್ತದೆ. ಮರಿಯ ಆರ್ತನಾದವನ್ನು ನುಡಿಸಿದರೆ ತಾಯಿಯಷ್ಟೇ ಅಲ್ಲ, ಚಿರತೆಯೂ ಅದನ್ನು ಕೇಳುತ್ತದೆ. ಕಾಡಿನ ಜೀವಗಳು ಬದುಕಿರುವುದು ಒಂದರ ಕೂಗನ್ನು ಇನ್ನೊಂದು ನಂಬುವುದರಿಂದ. ಆ ನಂಬಿಕೆಯಲ್ಲಿ ಹುಸಿಯನ್ನು ಬೆರೆಸುವವನು ಕೋವಿ ಹಿಡಿಯದಿದ್ದರೂ ಕೇಡು ಮಾಡಿಯೇ ಮಾಡುತ್ತಾನೆ.

ರಜೆಯಲ್ಲಿ ಮಕ್ಕಳೊಡನೆ ಮುತ್ತೋಡಿಗೋ ಕುದುರೆಮುಖದ ಕಡೆಗೋ ಹೋಗುವ ಕುಟುಂಬಗಳು ಹಳೆಯ ಮಲೆನಾಡಿಗರ ವಿದ್ಯೆಯ ನಿರಪಾಯವಾದ ಅರ್ಧವನ್ನು ಇಂದಿಗೂ ಕಲಿಯಬಹುದು. ಅನುಮತಿಯಿರುವ ಎಡೆಯಲ್ಲಿ ವಾಹನ ನಿಲ್ಲಿಸಿ, ಯಂತ್ರವನ್ನು ಆರಿಸಿ, ಹತ್ತು ನಿಮಿಷ ಮಾತಿಲ್ಲದೆ ಕುಳಿತರೆ ಸಾಕು. ಮೊದಲು ಯಾರು ಕೂಗಿದರು, ಬಳಿಕ ಯಾರು ದನಿಗೂಡಿಸಿದರು, ಕೂಗು ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದನ್ನು ಮಕ್ಕಳೇ ಎಣಿಸಲಿ. ಹುಲಿ ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ಅದು ಯಾವ ಜಾಡಿನಲ್ಲಿ ನಡೆಯಿತೆಂಬುದನ್ನು ಕಡವೆಯ ಬಾಯಿಂದಲೇ ಕೇಳಿ ತಿಳಿದ ಮಗು ಬರಿಗೈಯಲ್ಲಿ ಹಿಂತಿರುಗಿತೆಂದು ಹೇಳುವಂತಿಲ್ಲ.